ಪ್ರಶ್ನೆಯ ಉಳಿದರ್ಧ

"ಮುಖ ನೆನಪಾಗ್ತಿಲ್ಲಮ್ಮ," ಎಂದರು ಮೇಷ್ಟ್ರು. ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ನೋಡಿದರು, ಮೂಗಿಗಿಳಿಸಿ ಇನ್ನೊಮ್ಮೆ ನೋಡಿದರು. ಹೇಗೆ ನೋಡಿದರೂ ಎದುರಿಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಹೆಂಗಸು ಅಪರಿಚಿತಳಾಗಿಯೇ ಉಳಿದಳು.

"ಸಂಜೆ ಕಾಲೇಜು ಸಾರ್. ಕೊನೇ ವರ್ಷ ನಮಗೆ ಸಣ್ಣಕತೆ ಪಾಠ ಮಾಡಿದ್ರಿ. ಕಿಟಕಿ ಪಕ್ಕದ ಕೊನೇ ಬೆಂಚು ನಂದು."

"ಕೊನೇ ಬೆಂಚು..." ಅವರು ಕಣ್ಣು ಮುಚ್ಚಿದರು. ಕತ್ತಲ ಕೋಣೆಯಲ್ಲಿ ಬೆಂಚು ತಡವಿಕೊಂಡು ಹೋಗುವವರ ಹಾಗೆ ಬೆರಳುಗಳು ಮೇಜಿನ ಮೇಲೆ ಆಡಿದವು. ಇದ್ದಕ್ಕಿದ್ದಂತೆ ಮುಖ ಅರಳಿತು. "ಅಲ್ಲೊಬ್ಬಳಿದ್ದಳಲ್ಲ! ಎತ್ತರದ ಹುಡುಗಿ. ಗಂಟಲು ಅಂದ್ರೆ ಗಂಟಲು. ಏನು ಪ್ರಶ್ನೆ ಕೇಳ್ತಿದ್ದಳು ಮಹಾರಾಯ್ತಿ! ಗೊತ್ತಾ ನಿಮಗೆ?"

"ನನ್ನ ಪಕ್ಕದಲ್ಲೇ ಕೂರ್ತಿದ್ದಳು ಸಾರ್."

"ನೋಡಿ, ಅವಳು ಬಂದು ಕೇಳಿದ್ರೆ ಶಿಫಾರಸು ಪತ್ರ ಕಣ್ಣು ಮುಚ್ಚಿಕೊಂಡು ಬರೆದುಕೊಡ್ತಿದ್ದೆ." ಮೇಷ್ಟ್ರು ಅವಳು ತಂದಿದ್ದ ಸೂಚನೆಯ ಹಾಳೆಯನ್ನು ಬೆಳಕಿಗೆ ಹಿಡಿದರು. "ಬೇಜಾರು ಮಾಡ್ಕೋಬೇಡಿ. ನೀವು ಬುದ್ಧಿವಂತರಲ್ಲ ಅಂತ ನಾನು ಹೇಳ್ತಿಲ್ಲ. ಇರಬಹುದು. ಆದ್ರೆ ಇಲ್ಲಿ ಏನು ಕೇಳಿದಾರೆ? ಈ ಅಭ್ಯರ್ಥಿ ಹೇಗೆ ಓದುತ್ತಾಳೆ, ಹೇಗೆ ಯೋಚಿಸುತ್ತಾಳೆ, ನೀವು ಸ್ವತಃ ಕಂಡದ್ದನ್ನ ಬರೆಯಿರಿ ಅಂತ. ನಾನು ಕಾಣಲೇ ಇಲ್ಲವಲ್ಲ. ಕಾಣದ್ದನ್ನ ಕಂಡೆ ಅಂತ ಹೇಗೆ ಬರೀಲಿ?"

"ಹೌದು ಸಾರ್. ಸರಿ ಸಾರ್," ಎಂದು ಅವಳು ಎದ್ದಳು.

ಮೆಟ್ಟಿಲಿಳಿಯುವಾಗಲೂ ಅವರ ಮಾತು ಸರಿಯೆಂದೇ ಅನ್ನಿಸಿತು. ಅವರ ಜಾಗದಲ್ಲಿ ತಾನಿದ್ದರೂ ಬರೆಯುತ್ತಿರಲಿಲ್ಲ. ಕೆಳಗಿನ ಲಾಂಡ್ರಿಯ ಬಿಸಿ ಹಬೆ ಮುಖಕ್ಕೆ ಬಡಿದಾಗಲೇ, ಅರ್ಜಿಗೆ ಕೊನೆಯ ದಿನ ನಾಳಿದ್ದು ಎಂಬುದು ಅವಳಿಗೆ ನೆನಪಾದದ್ದು.

ಇಂಗ್ಲಿಷ್ ಎಂ.ಎ.ಗೆ ಸೇರಲು ಏನೇನು ಬೇಕೋ ಅದೆಲ್ಲವನ್ನೂ ಅವಳು ಮಳೆಗಾಲಕ್ಕೆ ಸೌದೆ ಕೂಡಿಡುವವರ ಹಾಗೆ ತಿಂಗಳುಗಟ್ಟಲೆ ಕೂಡಿಸಿದ್ದಳು. ಪದವಿಯ ಅಂಕಗಳು ಅರ್ಹತೆಯ ಗೆರೆಯ ಮೇಲೆ ಕೂದಲೆಳೆಯಷ್ಟು ನಿಂತಿದ್ದವು. ಒಂದು ಪದ್ಯದ ಮೇಲೆ ಪ್ರಬಂಧ ಬರೆದಿದ್ದಳು. ಏಕೆ ಓದಬೇಕೆಂದಿರುವಿರಿ ಎಂಬುದಕ್ಕೆ ಒಂದು ಪುಟ ಬರೆಯಬೇಕಿತ್ತು. ಬರೆದದ್ದೆಲ್ಲ ಯಾರೋ ದೊಡ್ಡವರು ಹೇಳಿದ ಮಾತಿನ ಹಾಗೆ ಕೇಳಿಸಿ, ಹರಿದು ಹರಿದು, ಕೊನೆಗೆ 'ಓದಿದ್ದರ ಬಗ್ಗೆ ಮಾತಾಡುವವರ ನಡುವೆ ಕೂರಬೇಕೆಂದು ಆಸೆ' ಎಂಬಲ್ಲಿಂದ ಶುರುಮಾಡಿದ್ದಳು. ಉಳಿದದ್ದು, ಪಾಠ ಹೇಳಿದ ಇಬ್ಬರ ಶಿಫಾರಸು ಪತ್ರ. ಪದ್ಯ ಕಲಿಸಿದ ಮೇಡಂ, ಇವಳ ಹೆಸರು ಕೇಳಿ, ಮುಖ ನೋಡದೆ, ಬಸ್ ಸ್ಟಾಪಿನಲ್ಲೇ ಬಸ್ಸು ಬರುವಷ್ಟರಲ್ಲಿ ಒಂದು ಬರೆದು ಲಕೋಟೆ ಅಂಟಿಸಿ ಕೊಟ್ಟಿದ್ದರು. ನಾಟಕದ ಮೇಷ್ಟ್ರು ತೀರಿಕೊಂಡಿದ್ದರು. ಕಾದಂಬರಿಯವರು ಕೆಲಸ ಬಿಟ್ಟು ಎಲ್ಲಿಗೆ ಹೋದರೋ ಕಾಲೇಜಿನವರಿಗೇ ಗೊತ್ತಿರಲಿಲ್ಲ. ಕೆಲಸ ಕೊಟ್ಟವರ ಪತ್ರ ಆಗುತ್ತದೆಯೇ ಎಂದು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಗುಮಾಸ್ತೆಯನ್ನು ಕೇಳಿದ್ದಳು. "ಪಾಠ ಮಾಡಿದವರದ್ದೇ ಆಗ್ಬೇಕು. ಒಂದು ಕಮ್ಮಿ ಇದ್ರೂ ನಾನು ಒಳಗೆ ಕಳಿಸೋ ಹಾಗಿಲ್ಲ," ಎಂದು ಆಕೆ ಕಿಟಕಿಯ ಗಾಜು ಎಳೆದುಕೊಂಡಿದ್ದಳು.

ಹೀಗೆ ಉಳಿದದ್ದು ಸಣ್ಣಕತೆಯ ಮೇಷ್ಟ್ರೊಬ್ಬರೇ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಲ್ಯಾಬಿನಲ್ಲಿದ್ದಳು. ಲ್ಯಾಬು ಎಂದರೆ ಕಟ್ಟುಹಲ್ಲು ಮಾಡುವ ಜಾಗ. ಒಂದು ಉದ್ದನೆಯ ಮೇಜು, ಪ್ಲಾಸ್ಟರಿನ ಧೂಳು, ಮೂಲೆಯಲ್ಲಿ ಹೊಳಪು ಹಾಕುವ ಚಕ್ರ. ಡಾಕ್ಟರುಗಳು ಕಳಿಸಿದ ಅಚ್ಚಿನಿಂದ ದವಡೆ ಎರಕ ಹೊಯ್ದು, ಮೇಣದ ದಿಂಡಿನ ಮೇಲೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಎಷ್ಟೋ ಜನರ ಬಾಯಿ ಅವಳ ಕೈಯ ಮೂಲಕ ಹಾದು ಹೋಗಿತ್ತು. ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಯಾರು ಬಲಗಡೆ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು. ಮೇಲಿನ ದವಡೆ ಕೆಳಗಿನದರ ಮೇಲೆ ಕೂತಿತೆಂದು ಎಲ್ಲರೂ ಒಪ್ಪಿದ ಮೇಲೂ ಅವಳು ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಮತ್ತೊಮ್ಮೆ ಕಚ್ಚಿಸಿ ನೋಡುತ್ತಿದ್ದಳು.

"ಸಾಕು ಬಿಡಮ್ಮ," ಎಂದ ಯಜಮಾನ, ಚಕ್ರ ನಿಲ್ಲಿಸಿ. "ಆ ಅಜ್ಜ ಅದರಲ್ಲಿ ಊಟ ಮಾಡ್ತಾನೆ, ಭಾಷಣ ಮಾಡಲ್ಲ."

ಅವಳು ನಗಲಿಲ್ಲ. ಮುಂಭಾಗದ ಹಲ್ಲೊಂದನ್ನು ಕಿತ್ತು ಮತ್ತೆ ಕೂರಿಸುತ್ತಿದ್ದಳು. ಮೇಷ್ಟ್ರು ನೆನಪಿಟ್ಟುಕೊಂಡಿದ್ದ ಆ ಪ್ರಶ್ನೆಗಳು ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ. ಏಕೆಂದರೆ ಅವು ಅವಳವೇ.

ಸಂಜೆ ಕಾಲೇಜಿನಲ್ಲಿ ಹಾಜರಿ ಕೂಗುತ್ತಿದ್ದದ್ದು ನಂಬರಿನಿಂದ. ದಿನವಿಡೀ ದುಡಿದು ಬಂದವರು ಅರ್ಧ ಕಣ್ಣು ಮುಚ್ಚಿಕೊಂಡು "ಎಸ್ ಸಾರ್" ಎನ್ನುತ್ತಿದ್ದರು. ಮೇಷ್ಟ್ರುಗಳೂ ಹಗಲು ಬೇರೆಲ್ಲೋ ಪಾಠ ಮಾಡಿ ಸುಸ್ತಾಗಿ ಬಂದವರೇ. ಅವಳಿಗೆ ಪಾಠದ ನಡುವೆ ಏನಾದರೊಂದು ಹೊಳೆಯುತ್ತಿತ್ತು, ಎದ್ದು ನಿಲ್ಲಬೇಕೆನ್ನುವಷ್ಟರಲ್ಲಿ ಗಂಟಲು ಒಣಗುತ್ತಿತ್ತು. ಆಗ ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಪಕ್ಕದವಳಿಗೆ ಗಂಟಲಿನ ಚಿಂತೆಯೇ ಇರಲಿಲ್ಲ. ತಟ್ಟನೆ ಎದ್ದು ಇಡೀ ಕಟ್ಟಡಕ್ಕೆ ಕೇಳುವಂತೆ ಕೇಳಿಬಿಡುತ್ತಿದ್ದಳು. ತರಗತಿ ಅವಳಿಗೆ ಮೈಕು ಎಂದು ಹೆಸರಿಟ್ಟಿತು. ಮೈಕು ಇವಳಿಗೆ ಪಿಸು ಎಂದು ಹೆಸರಿಟ್ಟಳು. ಆ ಹೆಸರಿನಿಂದ ಇವಳನ್ನು ಕರೆಯುತ್ತಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ.

ಅದನ್ನು ಮೇಷ್ಟ್ರಿಗೆ ನಿನ್ನೆಯೇ ಹೇಳಬಹುದಿತ್ತು. ಆದರೆ ಏನೆಂದು? ಅವಳು ಕೇಳಿದ್ದೆಲ್ಲ ನನ್ನದು ಎಂದೆ? ಗೆಳತಿಯ ಮೇಲೆ ಕಳ್ಳತನ ಹೊರಿಸಿದ ಹಾಗೆ ಇರುತ್ತಿತ್ತು. ಅಲ್ಲದೆ ಪಿಸುವಿಗೆ ಅಷ್ಟು ಖಾತ್ರಿಯೂ ಇರಲಿಲ್ಲ. ಕಿವಿಯಲ್ಲಿ ಹೇಳಿದ್ದು ಪ್ರಶ್ನೆಯೋ, ಎದ್ದು ನಿಂತು ಕೇಳಿದ್ದು ಪ್ರಶ್ನೆಯೋ? ತಾನು ಹೇಳಿದ್ದನ್ನು ಮೈಕು ತನ್ನ ಮಾತಿನಲ್ಲಿ ತಿರುವಿ ಹಾಕಿ ಕೇಳುತ್ತಿದ್ದದ್ದೂ ಉಂಟು. ಕ್ಲಾಸು ನಕ್ಕರೆ ಆ ನಗೆಯನ್ನೂ ಅವಳೇ ಎದುರಿಸುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ಕೇಳಿದರು, "ನಿನ್ನೆ ಕೇಳೋದೇ ಮರೆತೆ, ಕೊಟ್ಟರಾ ಆ ಮೇಷ್ಟ್ರು?"

"ಇಲ್ಲ ಅತ್ತೆ. ನನ್ನ ನೆನಪಿಲ್ಲವಂತೆ."

ಅತ್ತೆ ಸೊಸೆಯೇ ಮಾಡಿಕೊಟ್ಟಿದ್ದ ಕಟ್ಟುಹಲ್ಲನ್ನು ತೆಗೆದು ಬಟ್ಟಲಿಗೆ ಹಾಕಿದರು. ಅವರು ಅದನ್ನು ಮನೆಗೆ ಯಾರಾದರೂ ಬಂದಾಗ ಮಾತ್ರ ಹಾಕುತ್ತಿದ್ದರು. "ನಿನ್ನ ನೋಡೋಕೆ ಬಂದಾಗ ನಾವೂ ಇಷ್ಟು ವಿಚಾರಿಸಿರಲಿಲ್ಲ ಕಣೇ," ಎಂದರು ಬೊಚ್ಚು ಬಾಯಿಯಲ್ಲಿ. "ಊರಿಗೆಲ್ಲ ಬಾಯಿ ಮಾಡಿಕೊಡ್ತೀಯ, ನಿನಗೇ ಬಾಯಿಲ್ಲ. ಹೋಗಿ ಕೂಗಾಡಿ ಕೇಳಬೇಕಪ್ಪ."

ಕೂಗಾಡುವ ಮಾತು ಬಂದದ್ದೇ ಅವಳು ಫೋನು ಕೈಗೆತ್ತಿಕೊಂಡಳು.

ಮೈಕು ಈಗ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದಳು. ಫೋನಿನಲ್ಲಿ ಹಿಂದಿನಿಂದ ಹಾರ್ನು ಕೇಳಿಸುತ್ತಿತ್ತು. ಪಿಸು ಹೇಳಿದ್ದನ್ನೆಲ್ಲ ಕೇಳಿಕೊಂಡಳು.

"ಅವರು ಬರೆಯಲ್ಲ ಅಂದ್ರು. ನೀನೇನಂದೆ?"

"ಸರಿ ಸಾರ್ ಅಂದೆ."

"ಸರಿ ಸಾರ್ ಅಂದ್ಯಾ! ನಿನ್ನ ತಲೆಗಿಷ್ಟು! ಮೇಡಂ, ಕ್ಲಚ್ಚು, ಕ್ಲಚ್ಚು... ನಿಂಗಲ್ಲ ಕಣೆ, ಇಲ್ಲಿ ಒಬ್ಬರು ಗೋಡೆಗೆ ಗುದ್ದೋಕೆ ಹೊರಟಿದಾರೆ. ಐದು ಗಂಟೆಗೆ ಲ್ಯಾಬ್ ಮುಂದೆ ನಿಂತಿರು."

ಐದಕ್ಕೆ ಕೆಂಪು 'ಎಲ್' ಅಕ್ಷರದ ಫಲಕ ಹೊತ್ತ ಕಾರು ಬಂದು ನಿಂತಿತು. ಪಿಸು ಪಕ್ಕದ ಸೀಟಿನಲ್ಲಿ ಕೂತಳು. ಅದು ಕಲಿಸುವವರ ಸೀಟು; ಕಾಲ ಕೆಳಗೆ ಇನ್ನೊಂದು ಬ್ರೇಕು ಇತ್ತು.

"ಅದನ್ನ ತುಳೀಬೇಡ," ಎಂದಳು ಮೈಕು.

ಮೊದಲ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂದಾಗ ಪಿಸು ತುಳಿದಳು. ಕಾರು ಬಿಕ್ಕಳಿಸಿ ನಿಂತಿತು. ಹಿಂದಿನವನು ಕಿಟಕಿಯಿಂದ ತಲೆ ಹೊರಹಾಕಿ ಏನೋ ಬೈದ. ಮೈಕು ತನ್ನ ತಲೆಯನ್ನೂ ಹೊರಹಾಕಿ ಅದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಬೈದು, ತಣ್ಣಗೆ ಮತ್ತೆ ಹೊರಟಳು. ಮಾರುಕಟ್ಟೆಯ ಬಳಿ ಪಿಸು ಇನ್ನೊಮ್ಮೆ ತುಳಿದಳು.

"ಲೇ, ಓಡಿಸ್ತಿರೋದು ನಾನು!"

"ಕಾಲು ತಾನಾಗೇ ಹೋಗುತ್ತೆ ಕಣೆ."

"ಕಟ್ಟಿ ಹಾಕ್ಕೋ." ಮೈಕು ರೇಡಿಯೊದ ಸದ್ದು ಏರಿಸಿದಳು. ಮೌನವಾಗಿ ಕಾರು ಓಡಿಸುವುದು ಅವಳಿಗೆ ಬಾರದು. "ಒಂದು ಮಾತು ಹೇಳಲಾ? ಆ ಪ್ರಶ್ನೆಗಳಲ್ಲಿ ಅರ್ಧದಷ್ಟು ನಂಗೆ ಅರ್ಥವೇ ಆಗ್ತಿರಲಿಲ್ಲ. ಕೇಳಿ ಕೂತ ಮೇಲೆ ಸಾರ್ ಹೇಳೋ ಉತ್ತರಕ್ಕೆ ತಲೆ ಆಡಿಸ್ತಿದ್ದೆ, ಅಷ್ಟೇ. ಪಾಸಾಗಿದ್ದು ನಿನ್ನ ನೋಟ್ಸಿನಿಂದ."

ಮೇಷ್ಟ್ರು ಬಾಗಿಲು ತೆರೆದವರೇ ಮೈಕನ್ನು ನೋಡಿ ಎರಡೂ ಕೈ ಎತ್ತಿದರು. "ಬಂದೇಬಿಟ್ಟಳು ನೋಡಿ! ಲೇ, ಇವಳೇ ಕಣೇ, ನಾನು ಹೇಳ್ತಿದ್ದೆನಲ್ಲ, ತಟ್ಟೆ ಹುಡುಗಿ!" ಎಂದು ಅಡುಗೆಮನೆಯ ಕಡೆ ಕೂಗಿದರು. ಒಳಗಿನಿಂದ ಅವರ ಹೆಂಡತಿ, "ಕೂರಿಸಿ, ಬಂದೆ," ಎಂದರು. ನೀರಿನ ಸದ್ದು ನಿಲ್ಲಲಿಲ್ಲ.

ತಟ್ಟೆಯ ಕತೆ ಇಬ್ಬರಿಗೂ ನೆನಪಿತ್ತು. ಪಠ್ಯದಲ್ಲಿದ್ದ ಒಂದು ಇಂಗ್ಲಿಷ್ ಕತೆ. ಗಣಿ ಕುಸಿದು ಸತ್ತವನ ಹೆಂಡತಿ ಪ್ರತಿ ರಾತ್ರಿ ಎರಡು ತಟ್ಟೆ ಇಟ್ಟು, ಎರಡಕ್ಕೂ ಬಡಿಸಿ, ಒಂದರ ಮುಂದೆ ಕೂರುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ. ಅವಳು ಗಂಡ ಸತ್ತದ್ದನ್ನು ಒಪ್ಪಿಕೊಂಡಿಲ್ಲ, ಅದೇ ಕತೆಯ ತಿರುಳು ಎಂದು ಮೇಷ್ಟ್ರು ಬರೆಸುತ್ತಿದ್ದಾಗ ಕೊನೇ ಬೆಂಚಿನಿಂದ ಮೈಕು ಎದ್ದು ನಿಂತಿದ್ದಳು.

"'ಸಾರ್, ಎರಡನೇ ತಟ್ಟೆ ಊಟ ಏನಾಯ್ತು?'" ಎಂದು ಮೇಷ್ಟ್ರು ಅವಳ ದನಿಯನ್ನೇ ಅನುಕರಿಸಿದರು. "ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಬೆಲ್ಲು ಹೊಡೀತು. ಮನೆಗೆ ಬಂದರೂ ಬಿಡಲಿಲ್ಲ ನೋಡಿ ಅದು. ಅದೆಷ್ಟು ವರ್ಷ ಆ ಕತೆ ಪಾಠ ಮಾಡಿದ್ದೆ, ಯಾರೂ ಕೇಳಿರಲಿಲ್ಲ."

"ಸಾರ್, ಅದು ನಂದಲ್ಲ," ಎಂದಳು ಮೈಕು. "ಇವಳದ್ದು. ಎಲ್ಲಾ ಇವಳದ್ದೇ. ಇವಳು ಕಿವೀಲಿ ಊದ್ತಿದ್ದಳು, ನಾನು ಕೂಗ್ತಿದ್ದೆ. ನಾನು ಬರೀ ಕೊಳವೆ ಸಾರ್."

ಮೇಷ್ಟ್ರ ಮುಖದ ನಗು ಹಾಗೆಯೇ ಇತ್ತು, ಆದರೆ ಒಳಗಿನ ದೀಪ ಯಾರೋ ಸಣ್ಣಗೆ ಮಾಡಿದಂತಾಯಿತು. ಪಿಸುವಿನ ಕಡೆ ನೋಡಿದರು, ಮತ್ತೆ ಮೈಕಿನ ಕಡೆ.

"ಒಳ್ಳೇ ಸ್ನೇಹಿತೆ ಕಣಮ್ಮ ನೀನು," ಎಂದರು ನಿಧಾನವಾಗಿ. "ಆದ್ರೆ ನಾನು ನಿನ್ನೇನೇ ಇವರಿಗೆ ಹೇಳಿದೆ. ನಾನು ಬರೆಯೋದು ನಾನು ಕಂಡದ್ದನ್ನ. ನೀನು ಹೇಳಿದ್ದನ್ನ ಬರೆದ್ರೆ ಅದು ನಿನ್ನ ಶಿಫಾರಸು ಆಗುತ್ತೆ, ನಂದಲ್ಲ."

"ಅಯ್ಯೋ, ನಾನು ಸುಳ್ಳು ಹೇಳ್ತೀನಾ ಸಾರ್?"

"ಸುಳ್ಳು ಅನ್ನಲಿಲ್ಲ." ಅವರು ಪಿಸುವಿನ ಕಡೆ ತಿರುಗಿದರು. "ನೀವೇ ಹೇಳಿಬಿಡಿ. ಆ ಪ್ರಶ್ನೆ ನಿಮ್ಮದಾ?"

ಪಿಸು ಮಡಿಲಲ್ಲಿದ್ದ ಫೈಲಿನ ಮೂಲೆಯನ್ನು ಮಡಿಸಿದಳು, ಬಿಚ್ಚಿದಳು. ಹೌದು ಎಂದರೆ ಮುಗಿಯುತ್ತಿತ್ತು. ಮೈಕು ಮೊಣಕೈಯಿಂದ ತಿವಿದಳು.

"ಅರ್ಧ ಸಾರ್," ಎಂದಳು.

"ಅರ್ಧ ಅಂದ್ರೆ?"

ಮೈಕು ಹಣೆ ಚಚ್ಚಿಕೊಂಡಳು. "ಅರ್ಧ ಅಂತೆ! ಕರ್ಮ!"

"ಪೂರ್ತಿ ಕೇಳಲಿಲ್ಲ ಸಾರ್. ಇವಳಿಗೆ ಅರ್ಧ ಹೇಳಿದ್ದೆ, ಅಷ್ಟರಲ್ಲೇ ಎದ್ದುಬಿಟ್ಟಳು. ಎಲ್ಲ ನಕ್ಕರು. ಬೆಲ್ಲಾಯ್ತು. ಇನ್ನರ್ಧ ಹಾಗೇ ಉಳೀತು."

"ಏನದು ಇನ್ನರ್ಧ?"

ಅವಳು ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ತಲೆಯ ಮೇಲೆ ಹಳೆಯ ಫ್ಯಾನು ಕಟಕಟ ಎನ್ನುತ್ತ ತಿರುಗುತ್ತಿತ್ತು. ಮೈಕು ಅಭ್ಯಾಸಬಲದಿಂದ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು, ಹೇಳಲು ಬಾಯಿಯನ್ನೂ ತೆರೆದಳು. ಮೇಷ್ಟ್ರು ಅಂಗೈ ಎತ್ತಿ ಅವಳನ್ನು ತಡೆದರು. ಎದ್ದು ಹೋಗಿ ಫ್ಯಾನು ಆರಿಸಿ ಬಂದು ಕೂತರು.

ಈಗ ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಬುಸ್ಸೆನ್ನುವುದು ಕೇಳುತ್ತಿತ್ತು.

"ಅವಳು ಬಡವಿ ಸಾರ್," ಎಂದಳು ಪಿಸು. "ಕತೆ ಶುರುವಲ್ಲೇ ಇದೆ. ಕೋಟಿನ ಒಳಪದರ ಬಿಚ್ಚಿ ಮಗೂಗೆ ಅಂಗಿ ಹೊಲೀತಾಳೆ. ಒಲೆಗೆ ಕಲ್ಲಿದ್ದಲು ಎಣಿಸಿ ಹಾಕ್ತಾಳೆ. ಅಂಥವಳು ಬಡಿಸಿದ್ದನ್ನ ಚೆಲ್ಲೋದಿಲ್ಲ. ಬೆಳಿಗ್ಗೆ ಎದ್ದು ಆ ತಟ್ಟೆ ತೊಳೆಯೋಳೂ ಅವಳೇ ತಾನೆ? ತೊಳೆಯೋದಕ್ಕೆ ಮುಂಚೆ ಅದರಲ್ಲಿ ಇದ್ದದ್ದನ್ನ..." ಅವಳ ಕಾಲು ಬ್ರೇಕು ತುಳಿಯುವ ಹಾಗೆ ನೆಲವನ್ನು ಒತ್ತುತ್ತಿತ್ತು. "ತಣ್ಣಗಾಗಿದ್ದನ್ನ ಅವಳೇ ತಿಂದಿರ್ತಾಳೆ ಸಾರ್. ದಿನಾ ಬೆಳಿಗ್ಗೆ. ಅವನು ಬರಲಿಲ್ಲ ಅಂತ ದಿನಾ ಬೆಳಿಗ್ಗೆ ಅವಳ ಬಾಯಿಗೇ ಗೊತ್ತಾಗಿರುತ್ತೆ. ಹಾಗಿದ್ಮೇಲೆ ಒಪ್ಪಿಕೊಂಡಿಲ್ಲ ಅಂತ ನಾವು ಹೇಗೆ ಬರೆಯೋದು ಅಂತ. ಗೊತ್ತಿದ್ದೇ ಇಡ್ತಿದ್ದಳಾ ಅಂತ. ಅಷ್ಟೇ. ತಪ್ಪಿರಬಹುದು ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒಂದೇ ಗಾಜನ್ನು ಬಹಳ ಹೊತ್ತು ಒರೆಸಿದರು.

"ನಾನು ಹಕ್ಕಿಗೆ ಹಾಕ್ತಿದ್ದಳು ಅಂದುಕೊಂಡಿದ್ದೆ," ಎಂದರು ಕೊನೆಗೆ. "ಆಮೇಲಿನ ವರ್ಷಗಳಲ್ಲೆಲ್ಲ ಹಾಗೇ ಪಾಠ ಮಾಡಿದೆ. ಬೆಳಿಗ್ಗೆ ಕಿಟಕಿ ತೆಗೆದು ಹಕ್ಕಿಗೆ ಹಾಕ್ತಾಳೆ, ಅವನ ಆತ್ಮ ಹಾರಿಹೋದ ಹಾಗೆ... ಚೆನ್ನಾಗಿತ್ತು."

"ಬಡವಿ ಹಕ್ಕಿಗೆ ಹಾಕ್ತಾಳೇನ್ರೀ?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ನೀರಿನ ಸದ್ದು ಯಾವಾಗಲೋ ನಿಂತಿತ್ತು. "ಇಷ್ಟು ವರ್ಷ ಈ ಮನೇಲಿ ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ರಿ?"

ಮೈಕು ಫಕ್ಕನೆ ನಕ್ಕಳು, ನಕ್ಕದ್ದು ಒಬ್ಬಳೇ ಎಂದು ತಿಳಿದು ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಪಿಸುವಿನ ಮುಖವನ್ನು ನೋಡಿದರು. ನಿನ್ನೆ ನೋಡಿದ ಹಾಗಲ್ಲ. ಮುಂದೆಂದಾದರೂ ಗುರುತು ಹಿಡಿಯಬೇಕಾದ ಮುಖವನ್ನು ನೋಡುವ ಹಾಗೆ. ಕೈ ಚಾಚಿ ಫೈಲು ತೆಗೆದುಕೊಂಡರು.

"ಗೊತ್ತಿದ್ದೇ ಇಡ್ತಿದ್ದರೆ, ಯಾಕೆ ಇಡ್ತಿದ್ದಳು?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್."

"ನನಗೂ ಗೊತ್ತಿಲ್ಲ." ಅವರು ಸೂಚನೆಯ ಹಾಳೆಯನ್ನು ಮತ್ತೆ ಓದಿದರು. "ಅಂಟಿಸಿದ ಲಕೋಟೆಯಲ್ಲಿ ಕೊಡಬೇಕಂತೆ. ನಾನು ಏನು ಬರೆದೆ ಅಂತ ನಿಮಗೆ ಕಾಣೋದಿಲ್ಲ."

"ಪರವಾಗಿಲ್ಲ ಸಾರ್."

"ನಾಳೆ ಹನ್ನೊಂದಕ್ಕೆ ಬನ್ನಿ." ಬಾಗಿಲವರೆಗೆ ಬಂದವರು ಮೈಕಿನ ಕಡೆ ನೋಡಿ, ಸ್ವಲ್ಪ ಸಂಕೋಚದಿಂದ ಸೇರಿಸಿದರು, "ಒಬ್ಬರೇ ಬನ್ನಿ."

ಮೆಟ್ಟಿಲಿನ ತಿರುವು ದಾಟುವ ತನಕ ಮೈಕು ತಡೆದುಕೊಂಡಳು. "ಒಬ್ಬರೇ ಬರಬೇಕಂತೆ! ಅದೆಷ್ಟು ವರ್ಷ ನನ್ನ ನೆನಪಿಟ್ಕೊಂಡಿದ್ದ ಮನುಷ್ಯ, ಅರ್ಧ ಗಂಟೆಗೆ ಮರೆತ. ನಿನ್ನಿಂದ ನನ್ನ ಇದ್ದೊಂದು ಹೆಸರೂ ಹೋಯ್ತು ಕಣೇ."

"ಸಾರಿ ಕಣೆ."

"ಇದಕ್ಕೂ ಸಾರಿ! ನಡಿ, ಕಾರು ಹತ್ತು."

ಬಿಸಿಲು ಇಳಿದಿತ್ತು. ಕಚೇರಿಗಳು ಬಿಟ್ಟ ಹೊತ್ತು. ರಸ್ತೆ ತುಂಬ ಮನೆಗೆ ಹೋಗುವವರು. ಮೈಕು ರೇಡಿಯೊ ಹಾಕಿ, ಹಾರ್ನು ಹೊಡೆಯುತ್ತ, ಯಾರನ್ನೋ ಬೈಯುತ್ತ, ಸಂದಿಯಲ್ಲಿ ನುಸುಳಿಸಿಕೊಂಡು ಹೊರಟಳು. ಪತ್ರದಲ್ಲಿ ಏನಿರುತ್ತದೆ, ಒಳಗೆ ಕೂತವರು ಅದನ್ನು ಓದಿ ಏನೆನ್ನುತ್ತಾರೆ ಎಂಬುದನ್ನೆಲ್ಲ ಪಿಸು ಕೇಳಬಹುದೆಂದು ಅವಳು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಪಿಸು ಕೇಳಲಿಲ್ಲ. ಮಾರುಕಟ್ಟೆಯ ಬಳಿ ಅಡ್ಡರಸ್ತೆಯಿಂದ ಲಾರಿಯೊಂದು ಮೂತಿ ಹೊರಹಾಕಿತು. ಮೈಕು ತಾನೇ ಬ್ರೇಕು ಒತ್ತಿ, ಅಭ್ಯಾಸದಿಂದ ಪಕ್ಕದ ಸೀಟಿನ ಕೆಳಗೆ ನೋಡಿದಳು. ಅಲ್ಲಿ ಚಪ್ಪಲಿಗಳು ಮಾತ್ರ ಇದ್ದವು. ಪಿಸು ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದಳು.

"ಇನ್ನೊಂದು ಪ್ರಶ್ನೆ ಇತ್ತು ಕಣೆ," ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ. "ಸಾರ್ ಪಾಠ ಮಾಡಿದ ಆ ದೀಪಸ್ತಂಭದ ಕತೆಯಲ್ಲಿ. ಅವತ್ತು ನೀನು ಬಂದಿರಲಿಲ್ಲ."

ಮೈಕು ಕೈ ಚಾಚಿ ರೇಡಿಯೊ ಆರಿಸಿದಳು.